ಎಳೆಯರೊಡನೆ ಕಡಲಾಚೆಗೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಕನ್ನಡ ನಾಡಿನಲ್ಲಿ ಅಕ್ಷರ ಬಲ್ಲವರೂ ಬಾರದವರೂ ಸಮಾನವಾಗಿ ಆಡುವ ಮಾತು. ಆದರೆ ಈ ಗಾದೆಯನ್ನು ಕಟ್ಟಿದ ಹಿರಿಯರು ಸುತ್ತುವವನ ವಯಸ್ಸನ್ನು ಹೇಳಿಲ್ಲ. ಕೋಶ ಓದುವವನಿಗೆ ಅಕ್ಷರಜ್ಞಾನ ಅವಶ್ಯವಾಗುವಂತೆ ದೇಶ ಸುತ್ತುವವನಿಗೂ ಒಂದು ಬಗೆಯ ಪಕ್ವತೆ ಅವಶ್ಯವಲ್ಲವೆ? ಹಲ್ಲು ಪೂರ್ತಿಯಾಗಿ ಮೂಡದ ಕೂಸಿಗೆ ಕಡಲಾಚೆಯ ನಾಡಿನಿಂದ ದೊರೆಯುವ ಲಾಭವೇನು? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆ ಸಾಮಾನ್ಯ ಮನೆತನಗಳ ಜಗಲಿಯ ಮೇಲೆ ಏಳುತ್ತಿರಲಿಲ್ಲ. ಹಸುಗೂಸನ್ನು ಜಾತ್ರೆಯ ಧೂಳಿಗೆ ಒಯ್ಯಬೇಕೆ ಬೇಡವೆ ಎಂಬಷ್ಟಕ್ಕೆ ಅಂದಿನ ಚರ್ಚೆ ಮುಗಿಯುತ್ತಿತ್ತು. ಇಂದು ಮಗನೋ ಮಗಳೋ ಹೊರನಾಡಿನಲ್ಲಿ ನೆಲಸಿದ ಮನೆಗಳು ಊರೂರಿನಲ್ಲಿಯೂ ಇವೆ. ಆದುದರಿಂದ ಪ್ರಶ್ನೆ ಜಗಲಿಯನ್ನು ದಾಟಿ ಅಡುಗೆಮನೆಯ ಒಲೆಯ ಮುಂದೆ ಬಂದು ಕುಳಿತಿದೆ.

ಧಾರವಾಡದ ಒಂದು ಮನೆಯಲ್ಲಿ 2023ರ ಆರಂಭದ ತಿಂಗಳುಗಳಲ್ಲಿ ಇದೇ ಪ್ರಶ್ನೆ ಎದ್ದಿತು. ಮನೆಯ ಯಜಮಾನರು ಬ್ಯಾಂಕಿನ ಅಧಿಕಾರಿ. ಅವರ ಪತ್ನಿ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುವ ಶಿಕ್ಷಕಿ. ಆರು ವರ್ಷದ ಮಗಳು, ಇನ್ನೂ ಎರಡು ತುಂಬದ ಮಗ. ಇವರೆಲ್ಲರ ಮೇಲೆ ನೆರಳಿನಂತೆ ಯಜಮಾನರ ವೃದ್ಧ ತಾಯಿ. ಯಜಮಾನರಿಗೆ ಒಬ್ಬಳೇ ಅಕ್ಕ. ಆಕೆ ಮದುವೆಯಾಗಿ ಲಂಡನ್ ನಗರದಲ್ಲಿ ನೆಲಸಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಆಕೆಗೆ ಮಕ್ಕಳಾಗಿರಲಿಲ್ಲ. ತಮ್ಮನ ಮಗಳನ್ನು ಒಮ್ಮೆ ಊರಿಗೆ ಬಂದಾಗ ಕಂಡಿದ್ದಳು. ತಮ್ಮನ ಮಗನನ್ನು ಕಂಡೇ ಇರಲಿಲ್ಲ. ಹಿಂದಿನ ವರ್ಷ ಆಕೆಗೆ ಸ್ತನದ ಅರ್ಬುದರೋಗವೆಂದು ತಿಳಿದು ಶಸ್ತ್ರಚಿಕಿತ್ಸೆಯಾಗಿತ್ತು. ಅದಾದ ಮೇಲೆ ತಿಂಗಳುಗಟ್ಟಲೆ ಔಷಧೋಪಚಾರ ನಡೆದಿತ್ತು. ದೂರದ ಪ್ರಯಾಣ ಆ ವರ್ಷ ಕೂಡದೆಂದು ಅಲ್ಲಿಯ ವೈದ್ಯರು ತಡೆದಿದ್ದರು.

ಒಂದು ರಾತ್ರಿ ಆಕೆ ದೂರವಾಣಿಯಲ್ಲಿ ತಮ್ಮನೊಡನೆ ಆಡಿದ ಮಾತು ಚಿಕ್ಕದು: “ತಮ್ಮಾ, ನನಗೇನೂ ಕಳಿಸಬ್ಯಾಡ. ಹುಡುಗರನ್ನ ಒಮ್ಮೆ ತಂದು ನನ್ನ ಕೈಯಾಗ ಕೊಡು, ಸಾಕು.”

ಯಜಮಾನರಿಗೆ ಆ ಕ್ಷಣದಲ್ಲಿಯೇ ಹೊರಟುಬಿಡುವ ಉತ್ಸಾಹ. ಮರುದಿನವೇ ಪ್ರವಾಸದ ಏಜೆಂಟರನ್ನು ಕಂಡು ಬಂದರು. ಅಷ್ಟು ದೂರ ಹೋಗುವುದಾದರೆ ಲಂಡನ್ ಒಂದನ್ನೇ ಏಕೆ, ಪ್ಯಾರಿಸ್ಸನ್ನೂ ಸ್ವಿಟ್ಜರ್ಲೆಂಡಿನ ಹಿಮಗಿರಿಗಳನ್ನೂ ಮಕ್ಕಳಿಗೆ ತೋರಿಸಬಹುದೆಂಬ ಆಲೋಚನೆ ಅವರಲ್ಲಿ ಮೊಳೆಯಿತು. ಎಳವೆಯಲ್ಲಿ ಕಂಡದ್ದು ಹಸಿಗೋಡೆಯಲ್ಲಿ ನೆಟ್ಟ ಹರಳಿನಂತೆ ಉಳಿಯುತ್ತದೆಂಬುದು ಅವರ ವಾದ. ಅಕ್ಕನ ಒಂದು ಸಾಲಿನ ಬೇಡಿಕೆ ಎರಡು ದಿನಗಳಲ್ಲಿ ಹಲವು ದೇಶಗಳ ಯಾತ್ರಾಪಟ್ಟಿಯಾಗಿ ಬೆಳೆಯಿತು.

ತಾಯಿ ಒಪ್ಪಲಿಲ್ಲ. “ಸೆರಗು ಬಿಟ್ಟು ಇರದ ಕೂಸಿಗೆ ಲಂಡನ್ ಯಾಕಪಾ? ಹಿರೇದನ್ನ ಕರಕೊಂಡು ಹೋಗ್ರಿ. ಸಣ್ಣಾವ ನನ್ನ ಹತ್ರ ಇರ್ತಾನ. ಹದಿನೈದು ದಿನ ಅಲ್ಲೇನು?” ಎಂದರು.

ಗೃಹಿಣಿಗೆ ಎರಡೂ ಪಕ್ಷಗಳು ಅರ್ಧ ಸರಿಯಾಗಿ, ಅರ್ಧ ತಪ್ಪಾಗಿ ತೋರಿದವು. ಮನೋವಿಜ್ಞಾನವನ್ನು ಬಲ್ಲವರು ಹೇಳುವಂತೆ ಮೂರು, ಮೂರೂವರೆ ವರ್ಷದ ಹಿಂದಿನ ಘಟನೆಗಳು ಬಹುಮಂದಿಗೆ ದೊಡ್ಡವರಾದ ಮೇಲೆ ನೆನಪಿರುವುದಿಲ್ಲ. ಎಂದ ಮೇಲೆ ಮಗನ ಪಾಲಿಗೆ ಹಸಿಗೋಡೆಯ ಹರಳಿನ ಉಪಮೆ ನಿಲ್ಲುವುದಿಲ್ಲ. ಅವನಿಗೆ ಆಲ್ಪ್ಸ್ ಪರ್ವತವೂ ಒಂದೇ, ಹಿತ್ತಲಿನ ಮರಳುಗುಡ್ಡೆಯೂ ಒಂದೇ. ಹಾಗೆಂದು ಅವನನ್ನು ಬಿಟ್ಟುಹೋಗುವುದು ನಿರಪಾಯವೆ? ನಿರ್ಣಯಕ್ಕೆ ಮುನ್ನ ಆಕೆ ತಾನು ಬೋಧಿಸುವ ಶಾಸ್ತ್ರದ ಪುಟಗಳತ್ತ ತಿರುಗಿದಳು. ಮಕ್ಕಳನ್ನು ಹೊರನಾಡಿಗೆ ಒಯ್ದ ತಂದೆಯರು ಇತಿಹಾಸದಲ್ಲಿ ಹಲವರಿದ್ದಾರೆ. ಅವರ ಅನುಭವ ಏನನ್ನಾದರೂ ಕಲಿಸಬಹುದು.

ಮೊದಲನೆಯದು ಲಿಯೋಪೋಲ್ಡ್ ಮೊಟ್ಸಾರ್ಟನ ಕಥೆ. ಆತ 1763ರಲ್ಲಿ ಹನ್ನೊಂದರ ಮಗಳನ್ನೂ ಏಳರ ಮಗನನ್ನೂ ಕರೆದುಕೊಂಡು ಸಾಲ್ಸ್‌ಬರ್ಗ್ ಪಟ್ಟಣದಿಂದ ಹೊರಟನು. ಮನೆಗೆ ಮರಳಿದ್ದು 1766ರಲ್ಲಿ. ಪ್ಯಾರಿಸ್ಸಿನಲ್ಲಿ, ಲಂಡನ್ನಿನಲ್ಲಿ, ಅರಮನೆಗಳಲ್ಲಿ ಮಕ್ಕಳ ವಾದ್ಯಪ್ರೌಢಿಮೆಗೆ ಜನ ಬೆರಗಾದರು. ಬಾಲಕನು ತನ್ನ ಮೊದಲ ಸಿಂಫನಿಯನ್ನು ರಚಿಸಿದ್ದು ಲಂಡನ್ನಿನ ವಾಸದ ಕಾಲದಲ್ಲಿಯೇ. ಆದರೆ 1765ರಲ್ಲಿ ಹೇಗ್ ನಗರದಲ್ಲಿ ಇಬ್ಬರು ಮಕ್ಕಳೂ ಒಬ್ಬರಾದ ಮೇಲೊಬ್ಬರು ವಿಷಮಜ್ವರಕ್ಕೆ ತುತ್ತಾದರು. ಮಗಳಿಗೆ ಅಂತ್ಯಕಾಲದ ಧಾರ್ಮಿಕ ವಿಧಿಗಳನ್ನೂ ನಡೆಸಬೇಕಾಯಿತು. ಇಬ್ಬರೂ ಬದುಕಿದ್ದು ಪುಣ್ಯ. ಲೋಕಕ್ಕೆ ದೊರೆತ ಸಂಗೀತದ ಲೆಕ್ಕದಲ್ಲಿ ಆ ಜ್ವರದ ದಿನಗಳನ್ನು ಯಾರೂ ಎಣಿಸುವುದಿಲ್ಲ.

ಎರಡನೆಯದು ಶ್ರೀ ಅರವಿಂದರ ಬಾಲ್ಯ. ಅವರ ತಂದೆ 1879ರಲ್ಲಿ ಏಳು ವರ್ಷದ ಈ ಮಗನನ್ನು ಅವನ ಇಬ್ಬರು ಅಣ್ಣಂದಿರೊಡನೆ ಇಂಗ್ಲೆಂಡಿಗೆ ಒಯ್ದು ಮ್ಯಾಂಚೆಸ್ಟರಿನ ಒಂದು ಪಾದ್ರಿಯ ಮನೆಯಲ್ಲಿ ಬಿಟ್ಟು ಬಂದರು. ಬಾಲಕನು ಸ್ವದೇಶಕ್ಕೆ ಮರಳಿದ್ದು 1893ರಲ್ಲಿ, ಇಪ್ಪತ್ತರ ಹರೆಯದಲ್ಲಿ. ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪಾರಂಗತರಾಗಿದ್ದ ಅವರು ಮಾತೃಭಾಷೆಯಾದ ಬಂಗಾಳಿಯನ್ನು ಬರೋಡೆಯಲ್ಲಿ ಹೊಸದಾಗಿ ಕಲಿಯಬೇಕಾಯಿತು. ಮಗ ಬರುವ ಹಡಗು ಮುಳುಗಿತೆಂಬ ಸುಳ್ಳು ಸುದ್ದಿಯನ್ನು ಕೇಳಿ ತಂದೆ ಅಷ್ಟರಲ್ಲಿಯೇ ಎದೆಯೊಡೆದು ತೀರಿಕೊಂಡಿದ್ದರು.

ಮೂರನೆಯದು ಗಾಂಧೀಜಿಯವರು ಆತ್ಮಕಥೆಯಲ್ಲಿ ತಾವೇ ಬರೆದುಕೊಂಡದ್ದು. 1896ರ ಕೊನೆಯಲ್ಲಿ ಅವರು ಕಸ್ತೂರಬಾ, ಇಬ್ಬರು ಗಂಡುಮಕ್ಕಳು ಮತ್ತು ವಿಧವೆ ಅಕ್ಕನ ಮಗ ಇವರೊಡನೆ ಕೂರ್ಲಂಡ್ ಎಂಬ ಹಡಗಿನಲ್ಲಿ ದಕ್ಷಿಣ ಆಫ್ರಿಕೆಗೆ ಹೊರಟರು. ಮಕ್ಕಳಲ್ಲಿ ಕಿರಿಯನಾದ ಮಣಿಲಾಲನು ನಾಲ್ಕು ತುಂಬಿದವನು. ನಾಗರಿಕರಂತೆ ಕಾಣಬೇಕೆಂದು ಮಕ್ಕಳಿಗೆ ಪಾರಸಿಗಳ ಕೋಟು ಷರಾಯಿ ತೊಡಿಸಿದರು. ಬೂಟು ಕಾಲುಚೀಲಗಳಲ್ಲಿ ಎಳೆಯ ಪಾದಗಳು ನೊಂದವು. ದಾರಿಯಲ್ಲಿ ಬಿರುಗಾಳಿ. ಡರ್ಬನ್ ತಲಪಿದ ಮೇಲೆ, ಮುಂಬಯಿಯಲ್ಲಿ ಪ್ಲೇಗು ಇದ್ದ ಕಾರಣದಿಂದ ಇಳಿಯಲು ಬಿಡದೆ 23 ದಿನ ಹಡಗಿನಲ್ಲಿಯೇ ಇರಿಸಿದರು. 1897ರ ಜನವರಿ 13ರಂದು ಇಳಿದಾಗ ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಮುಂದೆ ಕಳುಹಿಸಿ, ಹಿಂದಿನಿಂದ ನಡೆದು ಬಂದ ಗಾಂಧೀಜಿಯವರ ಮೇಲೆ ಬಿಳಿಯರ ಗುಂಪು ಕಲ್ಲುಗಳನ್ನೂ ಕೊಳೆತ ಮೊಟ್ಟೆಗಳನ್ನೂ ಎಸೆಯಿತು. ಮುಂದೆ ಆ ನಾಡಿನಲ್ಲಿ ಮಕ್ಕಳಿಗೆ ತಕ್ಕ ಶಾಲೆ ದೊರೆಯಲಿಲ್ಲ. ತಾವು ಕೊಡಬೇಕಾದಷ್ಟು ಅಕ್ಷರವಿದ್ಯೆಯನ್ನು ಕೊಡಲಾಗಲಿಲ್ಲವೆಂದೂ ಮಕ್ಕಳಿಗೆ ಆ ಬಗ್ಗೆ ಅಸಮಾಧಾನ ಉಳಿಯಿತೆಂದೂ ಅವರೇ ಒಪ್ಪಿಕೊಂಡಿದ್ದಾರೆ.

ಈ ಮೂರರಿಂದ ಗೃಹಿಣಿ ತೆಗೆದ ಸಾರ ಬೇರೆ. ಮೂವರು ತಂದೆಯರೂ ಮಕ್ಕಳಿಗಾಗಿ ಹೊರಟೆವೆಂದೇ ನಂಬಿದ್ದರು. ವಾಸ್ತವದಲ್ಲಿ ಒಬ್ಬನಿಗೆ ಕೀರ್ತಿಯ ಹಂಬಲ, ಇನ್ನೊಬ್ಬನಿಗೆ ಆಂಗ್ಲ ಸಂಸ್ಕಾರದ ಮೋಹ, ಮತ್ತೊಬ್ಬರಿಗೆ ಸಾರ್ವಜನಿಕ ಕರ್ತವ್ಯ. ಇವುಗಳಲ್ಲಿ ಹಿರಿದೂ ಇದೆ, ಕಿರಿದೂ ಇದೆ. ಆದರೆ ಯಾವುದೂ ಮಗುವಿನ ಬೇಡಿಕೆಯಲ್ಲ. ಆದಕಾರಣ ಮೊದಲು ಕೇಳಬೇಕಾದ ಪ್ರಶ್ನೆ, “ಇದು ಯಾರ ಯಾತ್ರೆ?” ಎಂಬುದು. ಅದನ್ನು ಆಕೆ ಪತಿಯ ಮುಂದಿಟ್ಟಳು. “ಪ್ಯಾರಿಸ್ ನಿಮಗ ಬೇಕು. ಸಣ್ಣವಗ ಬ್ಯಾಡ. ಲಂಡನ್ನೂ ಅವಗ ಬ್ಯಾಡ. ಅದು ಅಕ್ಕಗ ಬೇಕು. ಅದನ್ನ ಒಪ್ಪಿಕೊಂಡು ಮುಂದಿಂದು ಮಾತಾಡೋಣ್ರಿ.”

ಯಜಮಾನರು ಮೊದಲು ನೊಂದರು, ಆಮೇಲೆ ಒಪ್ಪಿದರು. ಯಾತ್ರಾಪಟ್ಟಿಯಿಂದ ಪ್ಯಾರಿಸ್ಸೂ ಹಿಮಗಿರಿಗಳೂ ಅಳಿದುಹೋದವು. ಉಳಿದದ್ದು ಒಂದೇ ಊರು, ಒಂದೇ ಮನೆ, ಹದಿನೈದು ದಿನ.

ಇನ್ನು ಕೂಸನ್ನು ಅಜ್ಜಿಯ ಬಳಿ ಬಿಡುವ ಮಾತು ಉಳಿಯಿತು. ಅಜ್ಜಿ ಎರಡು ವಾರ ಅದೇ ಹಟದಲ್ಲಿದ್ದರು. ಹೃದಯದ ತೊಂದರೆಯಿಂದಾಗಿ ತಾವು ಹೋಗಲಾರರು. ಮೊಮ್ಮಗನಾದರೂ ಮಡಿಲಲ್ಲಿರಲಿ ಎಂಬ ಆಸೆಯೂ ಅದರಲ್ಲಿ ಇದ್ದಿರಬೇಕು. ಒಂದು ಸಂಜೆ ಕೂಸಿಗೆ ಅಂಬಲಿ ಕುಡಿಸುತ್ತ ಅವರು ತಾವಾಗಿಯೇ ಹಳೆಯ ಕಥೆಯೊಂದನ್ನು ತೆಗೆದರು. 1980ರ ಸುಮಾರಿಗೆ ಅವರು ಪತಿಯೊಡನೆ ಕಾಶಿ ಕೇದಾರ ಯಾತ್ರೆಗೆ ಹೋಗಿದ್ದರು. ಆಗ ಹಿರಿಯ ಮಗಳಿಗೆ ಒಂದೂವರೆ ವರ್ಷ. ದಾರಿಯ ಚಳಿಗೆ ಹೆದರಿ ಮಗುವನ್ನು ತಂಗಿಯ ಮನೆಯಲ್ಲಿ ಬಿಟ್ಟರು. ಒಂದು ತಿಂಗಳಾದ ಮೇಲೆ ಪ್ರಸಾದದ ಗಂಟಿನೊಡನೆ ಮರಳಿ ಬಂದು ಕೈಚಾಚಿದಾಗ ಮಗು ಚಿಕ್ಕಮ್ಮನ ಸೀರೆಯ ಹಿಂದೆ ಅವಿತುಕೊಂಡಿತು. ಹಡೆದವಳ ಬಳಿಗೆ ಬರಲು ಅದಕ್ಕೆ ಎಂಟು ದಿನ ಬೇಕಾಯಿತು.

“ಕೇದಾರ ಹ್ಯಾಂಗಿತ್ತು ಅಂತ ಕೇಳಿದರ ಇವತ್ತು ನನಗ ಹೇಳಾಕ ಬರೂದಿಲ್ಲ. ಆ ಎಂಟು ದಿನ ಮಾತ್ರ ಇನ್ನೂ ಎದಿಯಾಗ ಐತಿ” ಎಂದು ಹೇಳಿ ಅವರು ಬಟ್ಟಲನ್ನು ಕೆಳಗಿಟ್ಟರು. ಲಂಡನ್ನಿನಲ್ಲಿ ಕಾಯಿಲೆ ಮಲಗಿದ್ದ ಮಗಳೇ ಆ ಮಗು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು: “ಇಬ್ಬರನ್ನೂ ಒಯ್ಯಿರಿ. ಆಕಿಗೆ ಇಬ್ಬರನ್ನೂ ತೋರಸ್ರಿ.”

ನಿರ್ಣಯವಾಯಿತು. ನಿರ್ಣಯವಾದ ಮಾತ್ರಕ್ಕೆ ಯಾತ್ರೆ ಸುಗಮವಾಗುವುದಿಲ್ಲ. ಈ ಹಾದಿಯಲ್ಲಿ ನಡೆಯಲಿರುವ ಮನೆಗಳವರಿಗೆ ಅದರ ವಿವರ ಪ್ರಯೋಜನಕ್ಕೆ ಬಂದೀತು. ತೊಟ್ಟಿಲ ಕೂಸಾದರೂ ಅದಕ್ಕೆ ಅದರದೇ ಪಾಸ್‌ಪೋರ್ಟ್ ಬೇಕು, ಅದರದೇ ವೀಸಾ ಬೇಕು. ಪಾಸ್‌ಪೋರ್ಟಿನ ಅರ್ಜಿಗೆ ತಂದೆತಾಯಿಗಳಿಬ್ಬರ ಒಪ್ಪಿಗೆಯ ಘೋಷಣೆ ಸೇರಬೇಕು. ಎಳೆಯರಿಗೆ ಕೊಡುವ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷದ್ದು. ವೀಸಾ ಅರ್ಜಿಗಾಗಿ ಬೆಂಗಳೂರಿಗೆ ಹೋದಾಗ ಆರು ವರ್ಷದ ಮಗಳ ಬೆರಳಚ್ಚನ್ನು ತೆಗೆದುಕೊಂಡರು. ಐದು ತುಂಬದ ಮಗನಿಗೆ ಛಾಯಾಚಿತ್ರವೊಂದೇ ಸಾಕಾಯಿತು. ತಮ್ಮನಿಗಿಲ್ಲದ ಗೌರವ ತನ್ನ ಬೆರಳುಗಳಿಗೆ ದೊರೆಯಿತೆಂದು ಹುಡುಗಿ ಒಂದು ವಾರ ಬೀಗಿದಳು.

ವೈದ್ಯರ ಸಲಹೆ ಎರಡು ಕಡೆಯಿಂದಲೂ ಬೇಕಾಗಿತ್ತು. ಅರ್ಬುದದ ಔಷಧಗಳನ್ನು ತೆಗೆದುಕೊಳ್ಳುತ್ತಿರುವವರಲ್ಲಿ ರೋಗನಿರೋಧ ಶಕ್ತಿ ಕುಗ್ಗಿರುತ್ತದೆ. ಎಳೆಯ ಮಕ್ಕಳ ಮೂಗಿನ ಸಿಂಬಳವೂ ಅಂಥವರಿಗೆ ಅಪಾಯ ತರಬಹುದು. ಮಕ್ಕಳಿಗೆ ಪರದೇಶದಿಂದ ಏನಾದೀತು ಎಂದು ಎಲ್ಲರೂ ಹೆದರುತ್ತಿದ್ದಾಗ, ಮಕ್ಕಳಿಂದ ರೋಗಿಗೆ ಏನಾದೀತು ಎಂಬುದನ್ನು ಮೊದಲು ಯೋಚಿಸಿದವಳು ಗೃಹಿಣಿಯೇ. ಆದುದರಿಂದ ಅಲ್ಲಿಯ ವೈದ್ಯರು ಚಿಕಿತ್ಸೆಯ ಕಠಿಣ ಘಟ್ಟ ಮುಗಿದು ರಕ್ತದ ಸ್ಥಿತಿ ಸುಧಾರಿಸಿದೆಯೆಂದು ಒಪ್ಪಿದ ಮೇಲೆಯೇ ಮೇ ತಿಂಗಳ ಟಿಕೆಟ್ಟು ಕೊಂಡರು. ಇಲ್ಲಿಯ ಮಕ್ಕಳ ವೈದ್ಯರು ಚುಚ್ಚುಮದ್ದಿನ ಚೀಟಿಯನ್ನು ನೋಡಿ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಆಗಬೇಕಾದ ದಡಾರದ ಎರಡನೆಯ ಲಸಿಕೆಯನ್ನು ಪ್ರಯಾಣಕ್ಕೆ ಸಾಕಷ್ಟು ಮೊದಲೇ ಕೊಟ್ಟರು. ವಿಮಾನ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕಿವಿ ನೋಯುವುದರಿಂದ, ಆ ಸಮಯದಲ್ಲಿ ಕೂಸು ಏನನ್ನಾದರೂ ಚೀಪುತ್ತ ನುಂಗುತ್ತ ಇರುವಂತೆ ನೋಡಿಕೊಳ್ಳಬೇಕೆಂದು ತಿಳಿಸಿದರು. ಪ್ರವಾಸದ ವಿಮೆಯನ್ನು ಮಕ್ಕಳ ಹೆಸರಿನಲ್ಲಿಯೂ ಮಾಡಿಸಿದ್ದಾಯಿತು.

ಅಜ್ಜಿ ಮಗಳಿಗಾಗಿ ಧಾರವಾಡದ ಫೇಡೆಯನ್ನು ಕಟ್ಟಿಸಿಟ್ಟಿದ್ದರು. ಹಾಲಿನ ಪದಾರ್ಥಗಳನ್ನು ಒಯ್ಯುವುದಕ್ಕೆ ಆ ದೇಶದಲ್ಲಿ ನಿರ್ಬಂಧವಿದೆಯೆಂದು ತಿಳಿದಾಗ ಅವರಿಗಾದ ವ್ಯಥೆ ಅಷ್ಟಿಷ್ಟಲ್ಲ. ಫೇಡೆಯ ಸ್ಥಾನದಲ್ಲಿ ಶೇಂಗಾ ಚಟ್ನಿಪುಡಿ, ಕಡಕ್ ಜೋಳದ ರೊಟ್ಟಿ, ಕೂಸಿಗೆ ರಾಗಿಯ ಹಿಟ್ಟು ಇವು ಚೀಲವೇರಿದವು.

ಎರಡು ವರ್ಷ ತುಂಬದ ಕೂಸಿಗೆ ವಿಮಾನದಲ್ಲಿ ಪ್ರತ್ಯೇಕ ಆಸನವಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಟಿಕೆಟ್ಟಿನ ದರ ದೊಡ್ಡವರ ದರದ ಹತ್ತನೆಯ ಒಂದು ಭಾಗದಷ್ಟು. ದರದಲ್ಲಿ ರಿಯಾಯಿತಿ ದೊರೆಯಿತು, ಭಾರದಲ್ಲಿ ದೊರೆಯಲಿಲ್ಲ. ವಿಮಾನದ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಚಿಕ್ಕ ಕೂಸುಗಳಿಗೆ ಮಾತ್ರ. ಹನ್ನೊಂದು ಕಿಲೋ ತೂಗುವ ಮಗನನ್ನು ಹತ್ತು ಗಂಟೆಗೂ ಮೇಲ್ಪಟ್ಟು ಸರದಿಯ ಮೇಲೆ ಹೊತ್ತ ತಂದೆತಾಯಿಗಳಿಗೆ ಆ ಮಾತಿನ ಅರ್ಥ ತೊಡೆಗಳಿಂದ ತಿಳಿಯಿತು. ಇಳಿಯುವ ಹೊತ್ತಿಗೆ ಹುಡುಗ ಗಾಢ ನಿದ್ರೆಯಲ್ಲಿದ್ದ. ಎಬ್ಬಿಸಿ ನೀರು ಕುಡಿಸಲು ಮನಸ್ಸಾಗದೆ ಸುಮ್ಮನಾದರು. ಕೆಲವೇ ನಿಮಿಷಗಳಲ್ಲಿ ಕಿವಿಯನ್ನು ಹಿಡಿದುಕೊಂಡು ಅವನು ಕಿರುಚಿದ ಕಿರುಚು ಇಡೀ ವಿಮಾನಕ್ಕೆ ಕೇಳಿಸಿತು. ಮಗಳು ಅದೇ ವೇಳೆಗೆ ವಾಂತಿ ಮಾಡಿಕೊಂಡಳು. ಹಿಂದಿನ ಸಾಲಿನವರೊಬ್ಬರು ಇಂಥ ಮಕ್ಕಳನ್ನು ಏಕೆ ಕರೆತರುತ್ತಾರೋ ಎಂದು ಗೊಣಗಿದರು. ಆ ಪ್ರಶ್ನೆಗೆ ತಂದೆಯಲ್ಲಿ ಆಗ ಉತ್ತರವಿರಲಿಲ್ಲ.

ಅಕ್ಕನ ಮನೆಯ ಬಾಗಿಲು ತೆರೆಯಿತು. ತಲೆಗೆ ವಸ್ತ್ರ ಸುತ್ತಿಕೊಂಡು ಬಾಡಿದ ಮುಖದಲ್ಲಿ ನಗು ತುಂಬಿ ಆಕೆ ಕೈಗಳನ್ನು ಚಾಚಿದಳು. ಹುಡುಗ ಒಮ್ಮೆ ನೋಡಿ, ಮುಖ ತಿರುಗಿಸಿ, ತಾಯಿಯ ಸೆರಗಿನಲ್ಲಿ ಅವಿತುಕೊಂಡನು.

ಸಾವಿರಾರು ಮೈಲಿ ದೂರದಿಂದ ತಂದ ಕಾಣಿಕೆ ಸ್ವೀಕರಿಸುವವರ ಕೈಸೇರಲು ಒಪ್ಪಲಿಲ್ಲ. ಬಾಗಿಲಲ್ಲಿ ನಿಂತ ತಮ್ಮನಿಗೆ ತಾಯಿ ಹೇಳಿದ ಎಂಟು ದಿನಗಳ ಕಥೆ ನೆನಪಾಯಿತು. ಅಕ್ಕನು ನೊಂದುಕೊಳ್ಳಲಿಲ್ಲ. “ಇರಲಿ ಬಿಡು. ನಾನೂ ಹಿಂಗs ಮಾಡಿದ್ದೆನಂತ, ಅವ್ವ ಹೇಳತಿರ್ತಾಳ” ಎಂದಳು.

ಅಲ್ಲಿಂದ ಮುಂದಿನ ದಿನಗಳು ನಿಧಾನವಾಗಿ ಸರಿದವು. ಬೇಸಗೆಯಲ್ಲಿ ಅಲ್ಲಿಯ ಗಡಿಯಾರ ಭಾರತದ ಗಡಿಯಾರಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ನಸುಕಿನ ಮೂರಕ್ಕೆ ಮಕ್ಕಳು ಎದ್ದು ಕೂತು ನಾಷ್ಟಾ ಕೇಳುತ್ತಿದ್ದರು. ಊರಿನಲ್ಲಿ ಆಗ ಏಳೂವರೆ. ರಾತ್ರಿ ಎಂಟೂವರೆಯಾದರೂ ಹೊರಗೆ ಬೆಳಕಿರುತ್ತಿದ್ದುದರಿಂದ ಮಲಗಲು ಒಲ್ಲೆವೆನ್ನುತ್ತಿದ್ದರು. ಚಿಕಿತ್ಸೆಯ ಕಾರಣದಿಂದ ಅತ್ತೆಗೂ ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಮೂರು ಗಂಟೆಯ ಆ ನೀರವ ಹೊತ್ತಿನಲ್ಲಿ ಅಡುಗೆಮನೆಯ ದೀಪದ ಕೆಳಗೆ ಆಕೆ ಎಚ್ಚತ್ತ ಮಕ್ಕಳ ಎದುರಿಗೆ ಸುಮ್ಮನೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಕರೆಯಲಿಲ್ಲ, ಕೈ ಚಾಚಲಿಲ್ಲ. ಆರನೆಯ ದಿನದ ನಸುಕಿನಲ್ಲಿ ಹುಡುಗ ತಾನಾಗಿಯೇ ನಡೆದುಹೋಗಿ ಆಕೆಯ ತೊಡೆಯೇರಿ ಕುಳಿತು ರೊಟ್ಟಿಯ ಚೂರಿಗೆ ಬಾಯಿ ತೆರೆದನು. ಗೃಹಿಣಿ ಬಾಗಿಲ ಮರೆಯಲ್ಲಿ ನಿಂತು ಕಂಡಳು, ಒಳಗೆ ಹೋಗಲಿಲ್ಲ.

ಊರು ನೋಡಿದ್ದು ಒಂದೇ ದಿನ. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಅಕ್ಕನು ಕಾಯಿಲೆಯಾದ ಮೇಲೆ ಮನೆ ಮತ್ತು ಆಸ್ಪತ್ರೆಗಳನ್ನು ಬಿಟ್ಟು ಮೊದಲ ಬಾರಿಗೆ ಹೊರಬಂದು ಅಲ್ಲಿಯವರೆಗೆ ಬಂದಳು. ಮನೆಯ ಪಟದಲ್ಲಿ ಕಂಡ ಮುಖವನ್ನು ಹುಡುಗಿ ಗುರುತಿಸಿ ಕೈಮುಗಿದಳು. ಹುಡುಗನ ಗಮನವೆಲ್ಲ ನೆಲದ ಮೇಲೆ ಕಾಳು ಹೆಕ್ಕುತ್ತಿದ್ದ ಪಾರಿವಾಳಗಳ ಮೇಲೆ. ನದಿಯಾಚೆಯ ಭವ್ಯ ಸೌಧಗಳತ್ತ ಇಬ್ಬರೂ ತಿರುಗಿ ನೋಡಲಿಲ್ಲ.

ಈ ಯಾತ್ರೆಯಿಂದ ಮಕ್ಕಳಿಗೆ ಏನು ದೊರೆಯಿತು? ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ, ಮಗನಿಗೆ ಒಂದು ಕಿವಿನೋವು, ಮರಳಿದ ಮೇಲೆ ಒಂದು ವಾರದ ನೆಗಡಿ. ಇಂದು ಅವನಿಗೆ ನಾಲ್ಕು ವರ್ಷ ತುಂಬಿದೆ. ಲಂಡನ್ನಿನ ಒಂದು ಕಡ್ಡಿಯೂ ನೆನಪಿಲ್ಲ. ಮಗಳಿಗೆ ನೆನಪಿರುವುದು ಅತ್ತೆಯ ಹಿತ್ತಲಿಗೆ ಬರುತ್ತಿದ್ದ ಅಳಿಲು ಮತ್ತು ಅತ್ತೆಯ ತಲೆವಸ್ತ್ರದ ಬಣ್ಣ. ಖರ್ಚಿನ ಲೆಕ್ಕವನ್ನು ಬ್ಯಾಂಕಿನ ಅಧಿಕಾರಿಯಾದ ತಂದೆ ಬರೆದಿಟ್ಟಿದ್ದಾರೆ. ಮತ್ತೆ ತೆರೆದು ನೋಡಿಲ್ಲ. ಮಕ್ಕಳ ಜ್ಞಾನಾರ್ಜನೆಯೇ ಉದ್ದೇಶವಾಗಿದ್ದರೆ ಈ ಪ್ರವಾಸ ನಿಶ್ಚಯವಾಗಿಯೂ ನಷ್ಟದ ವ್ಯಾಪಾರ. ಅಂಥ ಉದ್ದೇಶವುಳ್ಳವರು ಮಗುವಿಗೆ ಎಂಟು ಹತ್ತು ವರ್ಷವಾಗುವವರೆಗೆ ಕಾಯುವುದು ಮೇಲು. ಅಲ್ಲಿಯವರೆಗೆ ಬಾದಾಮಿ, ಪಟ್ಟದಕಲ್ಲು, ಹಂಪಿಗಳು ಹತ್ತಿರದಲ್ಲಿಯೇ ಇವೆ.

ಆದರೆ ಕೆಲವು ಯಾತ್ರೆಗಳಲ್ಲಿ ಮಗು ಯಾತ್ರಿಕನಲ್ಲ, ಪ್ರಸಾದ. ಅದನ್ನು ಒಯ್ಯುವುದು ಕಾದು ಕುಳಿತವರಿಗಾಗಿ. ಅಂಥಲ್ಲಿ ಹಿರಿಯರು ಮಾಡಬೇಕಾದದ್ದು ಎರಡು. ಮಗುವಿನ ಹೆಸರಿನಲ್ಲಿ ತಮ್ಮ ಆಸೆಗಳ ಪಟ್ಟಿಯನ್ನು ಬೆಳೆಸದಿರುವುದು ಒಂದು. ತನ್ನದಲ್ಲದ ಯಾತ್ರೆಯಲ್ಲಿ ಮಗು ಪಡುವ ಕಷ್ಟವನ್ನು ಆದಷ್ಟು ಕಡಿಮೆ ಮಾಡುವುದು ಇನ್ನೊಂದು. ಅವಸರವಿಲ್ಲದೆ, ಒಂದೇ ಮನೆಯಲ್ಲಿ, ಅದರ ನಿದ್ರೆಗೂ ಹಸಿವೆಗೂ ಹಿರಿಯರು ಹೊಂದಿಕೊಂಡು ನಡೆದರೆ ಎಳೆಯ ಜೀವ ಎಂಥ ದೂರವನ್ನಾದರೂ ಸಹಿಸೀತು.

ಅಕ್ಕನ ಚಿಕಿತ್ಸೆ ಇನ್ನೂ ನಡೆದಿದೆ. ಆರು ತಿಂಗಳಿಗೊಮ್ಮೆ ಪರೀಕ್ಷೆ, ಪರೀಕ್ಷೆಯ ಹಿಂದಿನ ವಾರ ಎರಡೂ ಮನೆಗಳಲ್ಲಿ ಮೌನ. ಹೊರಡುವ ಗಡಿಬಿಡಿಯಲ್ಲಿ ಹುಡುಗನ ಒಂದು ಕಾಲುಚೀಲ ಅಲ್ಲಿಯೇ ಉಳಿದಿತ್ತು. ಅಂಚೆಯಲ್ಲಿ ಕಳುಹಿಸುತ್ತೇನೆಂದು ಆಕೆ ಮೊದಲು ಹೇಳಿದ್ದಳು. ಈವರೆಗೂ ಕಳುಹಿಸಿಲ್ಲ, ಯಾರೂ ಕೇಳಿಯೂ ಇಲ್ಲ. ಅಜ್ಜಿ ಮಾತ್ರ ಮೊಮ್ಮಗನ ಕಾಲು ತೊಳೆಯುವಾಗ ಒಮ್ಮೊಮ್ಮೆ, “ಆಕಿ ತೊಡಿ ಮ್ಯಾಲೆ ಕುಂತಿದ್ದೆಲ್ಲಾ, ಸಾಕಪಾ” ಎನ್ನುತ್ತಾರೆ. ಏನೊಂದೂ ನೆನಪಿಲ್ಲದ ಹುಡುಗ ಹೌದೆಂದು ತಲೆಯಾಡಿಸುತ್ತಾನೆ.